ಬಾತ್‌ಟಬ್ಬಿನ ಹೊಸ್ತು

ಆ ವರ್ಷ ಬೇಸಿಗೆ ರಜೆಗೆ ನಾವು ಊರಿಗೆ ಹೋಗಲಿಲ್ಲ. ಗದ್ದೆಗೆ ನೀರು ಬಿಡುವವರು ಯಾರೂ ಇರಲಿಲ್ಲ ಎನ್ನುವುದೇ ಕಾರಣ. ಗದ್ದೆ ಇದ್ದುದು ಕುವೈತಿನ ಸಾಲ್ಮಿಯಾದಲ್ಲಿ, ನಾಲ್ಕನೇ ಮಹಡಿಯ ನಮ್ಮ ಬಾಡಿಗೆ ಮನೆಯಲ್ಲಿ, ಬಾತ್‌ಟಬ್ಬಿನೊಳಗೆ. ಶಾಲೆಯಲ್ಲಿ ಯಾರಾದರೂ ಕೇಳಿದರೆ ಟಿಕೆಟ್ ಸಿಗಲಿಲ್ಲ ಎನ್ನಬೇಕೆಂದು ಅಮ್ಮ ನನಗೂ ಅಣ್ಣನಿಗೂ ಕಟ್ಟಪ್ಪಣೆ ಮಾಡಿದ್ದರು. ನನಗಾಗ ಹನ್ನೊಂದು ವರ್ಷ. ನಿಜ ಹೇಳಿದ್ದರೂ ಯಾರೂ ನಂಬುತ್ತಿರಲಿಲ್ಲ.

ಕುಂದಾಪುರ ಕಡೆಯವರಾದ ನಮಗೆ ಹೊಸ್ತು ಎಂದರೆ ಹೊಸ ಅಕ್ಕಿಯ ಹಬ್ಬ. ಗದ್ದೆಯಿಂದ ಮೊದಲ ಕದಿರು ತಂದು ಬಾಗಿಲಿಗೆ, ಕಂಬಕ್ಕೆ, ನೇಗಿಲಿಗೆ ಕಟ್ಟುವುದು. ನಾಲ್ಕು ಕಾಳು ಸುಲಿದು ಪಾಯಸಕ್ಕೆ ಹಾಕಿ, ಮನೆಮಂದಿಯೆಲ್ಲ ಒಟ್ಟಿಗೆ ಕೂತು ಉಣ್ಣುವುದು. ಕುವೈತಿನಲ್ಲಿ ಕಂಬವೂ ಇಲ್ಲ, ನೇಗಿಲೂ ಇಲ್ಲ. ಅಪ್ಪಯ್ಯ ಹಾಗೆಂದು ಸುಮ್ಮನಿರುವ ಜಾತಿಯವರಲ್ಲ. ಫ್ರಿಜ್ಜಿನ ಹಿಡಿಗೆ, ಎ.ಸಿ.ಗೆ, ವಾಷಿಂಗ್ ಮೆಷಿನ್ನಿಗೆ, ಕಾರಿನೊಳಗಿನ ಕನ್ನಡಿಗೆ ಎಲ್ಲದಕ್ಕೂ ಕಟ್ಟುತ್ತಿದ್ದರು. ಕದಿರು ಕಳಿಸುತ್ತಿದ್ದವರು ಅಪ್ಪಯ್ಯನ ತಾಯಿ, ನಮ್ಮ ಅಜ್ಜಿ. ಊರಲ್ಲಿ ಅತ್ತೆಯ ಜೊತೆಗಿದ್ದ ಅವರು, ಹಳೆ ಸೀರೆಯ ತುಂಡಿನಲ್ಲಿ ಕದಿರು ಸುತ್ತಿ, ಕುವೈತಿಗೆ ಹೊರಟ ಯಾರದಾದರೂ ಸೂಟ್‌ಕೇಸಿಗೆ ತುರುಕಿಸುತ್ತಿದ್ದರು.

ಈ ಹಬ್ಬಕ್ಕೊಂದು ನಿಯಮವಿದೆ. ದೊಡ್ಡವರನ್ನು ಕೇಳದೆ ಹೊಸ ಅಕ್ಕಿಯನ್ನು ಬಾಯಿಗಿಡುವಂತಿಲ್ಲ. ಎಲೆಯ ಮುಂದೆ ಕೂತು, ಮೊದಲ ತುತ್ತು ಕೈಯಲ್ಲಿ ಹಿಡಿದು, ತನಗಿಂತ ಹಿರಿಯರಾದ ಒಬ್ಬೊಬ್ಬರಿಗೂ ‘ಹೊಸ್ತ್ ಉಂತೆ’, ಹೊಸ್ತು ಉಣ್ಣುತ್ತೇನೆ, ಎನ್ನಬೇಕು. ಅವರು ‘ಉಣ್’ ಎಂದ ಮೇಲೆಯೇ ತುತ್ತು ಒಳಗೆ ಹೋಗಬೇಕು. ನಮ್ಮ ಪಂಕ್ತಿಯಲ್ಲಿ ಎಲ್ಲರಿಗಿಂತ ಕಿರಿಯವಳು ನಾನು. ಅಪ್ಪಯ್ಯ, ಅಮ್ಮ, ಮೂರನೇ ಮಹಡಿಯಿಂದ ಬರುವ ಚಿಕ್ಕಪ್ಪ, ಚಿಕ್ಕಮ್ಮ, ಕೊನೆಗೆ ನನಗಿಂತ ಬರೀ ಎರಡು ವರ್ಷಕ್ಕೆ ದೊಡ್ಡವನಾದ ಅಣ್ಣ, ಹೀಗೆ ಐದು ಜನರನ್ನು ಕೇಳಬೇಕಿತ್ತು. ನನ್ನನ್ನು ಕೇಳುವವರು ಮಾತ್ರ ಯಾರೂ ಇರಲಿಲ್ಲ. ಅಣ್ಣನಂತೂ ವರ್ಷಕ್ಕೊಮ್ಮೆ ಸಿಗುವ ಈ ಅಧಿಕಾರವನ್ನು ಪೂರ್ತಿ ಚಲಾಯಿಸುತ್ತಿದ್ದ. ‘ಉಣ್’ ಎನ್ನುವ ಮೊದಲು ನೀರು ಕುಡಿಯುತ್ತಿದ್ದ, ಕೆಮ್ಮುತ್ತಿದ್ದ, ಕಿಟಕಿಯ ಹೊರಗೆ ನೋಡುತ್ತಿದ್ದ. ಆ ಹೊಟ್ಟೆಯುರಿ ನನಗೆ ಇವತ್ತಿಗೂ ಪೂರ್ತಿ ಹೋಗಿಲ್ಲ.

ಬಾತ್‌ಟಬ್ಬಿನಲ್ಲಿ ಭತ್ತ ಬೆಳೆಯುವ ಪ್ರಸಂಗ ಬಂದದ್ದೂ ಈ ನಿಯಮದಿಂದಲೇ. ಅದರ ಹಿಂದಿನ ವರ್ಷದ ಹೊಸ್ತಿನ ದಿನ, ವಾರದ ರಜೆಯ ಶುಕ್ರವಾರವಾಗಿದ್ದರೂ ಚಿಕ್ಕಪ್ಪನಿಗೆ ಶುವೈಖಿನ ಗ್ಯಾರೇಜಿನಲ್ಲಿ ಕೆಲಸವಿತ್ತು. ಹಸಿದು ಬಂದವರು ನೆಟ್ಟಗೆ ನಮ್ಮ ಅಡುಗೆಮನೆಗೆ ನುಗ್ಗಿ, ಒಂದು ಚಮಚ ಪಾಯಸ ಬಾಯಿಗೆ ಹಾಕಿಕೊಂಡರು. ಅದೇ ಹೊತ್ತಿಗೆ ಅಪ್ಪಯ್ಯ ಬಾಳೆಲೆ ತೊಳೆಯಲು ಒಳಗೆ ಬಂದರು.

“ಯಾರತ್ರ ಕೇಂಡ್ ಉಂಡದ್ದ್?” ಎಂದರು ಅಪ್ಪಯ್ಯ.

“ಸಕ್ರಿ ಸಾಕಾ ಅಂದೇಳಿ ಕಂಡದ್ದ್ ಅಣ್ಣಯ್ಯ.”

“ಕೇಂಬುಕೆ ಎಂತ, ನಾ ಸತ್ತಿದ್ನಾ?”

“ನೀವ್ ಬದ್ಕಿದ್ರಿ ಅಂದೇಳಿ ಸಕ್ರಿಗೂ ಕೇಣ್ಕಾ?”

ಇಷ್ಟೇ ಮಾತು. ಚಿಕ್ಕಪ್ಪ ಚಮಚವನ್ನು ತೊಳೆದು ಅದರ ಜಾಗದಲ್ಲಿಟ್ಟು, ಊಟ ಮಾಡದೆ ಮನೆಗೆ ಇಳಿದು ಹೋದರು. ಆ ತೊಳೆದದ್ದೇ ಅಪ್ಪಯ್ಯನನ್ನು ಹೆಚ್ಚು ಕೆರಳಿಸಿತು. “ಕಂಡ್ರ್ಯಾ, ಎಷ್ಟ್ ಸೊಕ್ಕ್!” ಎಂದು ವಾರಗಟ್ಟಲೆ ಹೇಳುತ್ತಿದ್ದರು. ಒಂದೇ ಕಟ್ಟಡದಲ್ಲಿ, ಒಬ್ಬರ ತಲೆಯ ಮೇಲೆ ಇನ್ನೊಬ್ಬರಂತೆ ಇದ್ದ ಅಣ್ಣತಮ್ಮಂದಿರ ಮಾತು ನಿಂತುಹೋಯಿತು. ಹೆಂಡಂದಿರೂ ಹೋಗಿಬರಬಾರದೆಂದು ಎರಡೂ ಮನೆಯಲ್ಲಿ ಹುಕುಂ ಹೊರಟಿತು. ಅಮ್ಮ ಅದನ್ನು ಅಕ್ಷರಶಃ ಪಾಲಿಸಿದರು. ತಾನು ಹೋಗುತ್ತಿರಲಿಲ್ಲ, ಲಿಫ್ಟಿನ ನೆಲದ ಮೇಲೆ ಸಾಂಬಾರಿನ ಪಾತ್ರೆಯಿಟ್ಟು, ಮೂರನೇ ಮಹಡಿಯ ಗುಂಡಿ ಒತ್ತಿ, ಕೈ ಹೊರಗೆಳೆದುಕೊಳ್ಳುತ್ತಿದ್ದರು. ಕೆಳಗೆ ಚಿಕ್ಕಮ್ಮ ಕಾದಿರುತ್ತಿದ್ದರು. ಸ್ವಲ್ಪ ಹೊತ್ತಿಗೆ ಅದೇ ಪಾತ್ರೆಯಲ್ಲಿ ಪಲ್ಯ ಒಬ್ಬಂಟಿಯಾಗಿ ಮೇಲೆ ಬರುತ್ತಿತ್ತು. ಒಮ್ಮೆ ಲಿಫ್ಟು ನಡುವೆ ನಿಲ್ಲದೆ ನೆಲಮಹಡಿಗೇ ಹೋಗಿ, ನಮ್ಮ ಹುರುಳಿ ಸಾರನ್ನು ಯಾರೋ ಪುಣ್ಯಾತ್ಮರು ಎತ್ತಿಕೊಂಡು ಹೋದರು. ಪಾತ್ರೆ ಮಾತ್ರ ಮರುದಿನ ತೊಳೆದು ಲಿಫ್ಟಿನಲ್ಲೇ ಇತ್ತು, ಒಳಗೆ ಆರು ಖರ್ಜೂರ.

ಸುದ್ದಿ ಅತ್ತೆಯ ಮೂಲಕ ಅಜ್ಜಿಗೆ ಮುಟ್ಟಿತು. ಒಂದು ಶುಕ್ರವಾರ ಫೋನ್ ಕಾರ್ಡು ಉಜ್ಜಿ ಊರಿಗೆ ಫೋನ್ ಮಾಡಿದಾಗ ಅಜ್ಜಿ ತೀರ್ಪು ಕೊಟ್ಟರು.

“ಒಟ್ಟಿಗ್ ಕೂಕಂಡ್ ಉಂಬುಕ್ ಆಗ್ದಿದ್ದರಿಗೆ ಕದ್ರ್ ಎಂತಕೆ? ಈ ಸರ್ತಿ ನಾ ಕಳ್ಸುದಿಲ್ಲೆ. ಮತ್ತೊಂದ್ ಕೇಣ್. ನೀವ್ ಇಬ್ರೂ ಒಟ್ಟಿಗ್ ಹೊಸ್ತ್ ಉಂಡ್ರಿ ಅಂದೇಳಿ ಗೊತ್ತಾಪು ತನ್ಕ ನಾನೂ ಹೊಸ ಅಕ್ಕಿ ಉಂಬುದಿಲ್ಲೆ.”

ಬೇರೆ ಯಾರಾದರೂ ಆಗಿದ್ದರೆ ಇಪ್ಪತ್ತು ಮೆಟ್ಟಿಲು ಇಳಿದು ತಮ್ಮನ ಬಾಗಿಲು ತಟ್ಟುತ್ತಿದ್ದರು. ನಮ್ಮ ಅಪ್ಪಯ್ಯ ರೈತರಾಗಲು ತೀರ್ಮಾನಿಸಿದರು. “ಕದ್ರ್ ಕಳ್ಸುದಿಲ್ಯಂಬ್ರ್. ಕದ್ರ್ ಬೆಳ್ಸುಕ್ ನಂಗ್ ಬತ್ತಿಲ್ಯಾ?” ಎಂದರು. ಬರುತ್ತಿರಲಿಲ್ಲ. ಹದಿನೇಳಕ್ಕೇ ಊರು ಬಿಟ್ಟು ಬೊಂಬಾಯಿಯ ಹೋಟೆಲು ಸೇರಿ, ಅಲ್ಲಿಂದ ಕುವೈತಿಗೆ ಬಂದು ಆಫೀಸಿನಲ್ಲಿ ಫೈಲು ಜೋಡಿಸುತ್ತಿದ್ದ ಮನುಷ್ಯ. ಗದ್ದೆಗಿಳಿದದ್ದು ಕ್ರಿಕೆಟ್ ಚೆಂಡು ಹುಡುಕಲು ಮಾತ್ರ ಎಂದು ಅತ್ತೆ ಹೇಳುವುದುಂಟು.

ಬೀಜ ಮನೆಯಲ್ಲೇ ಇತ್ತು. ಹಿಂದಿನ ವರ್ಷ ಕಟ್ಟಿದ ಕದಿರನ್ನು ಫ್ರಿಜ್ಜಿನಿಂದ, ಎ.ಸಿ.ಯಿಂದ, ಕಾರಿನ ಕನ್ನಡಿಯಿಂದ ಬಿಚ್ಚಿ, ಕಾಳು ಉದುರಿಸಿ, ಸ್ಟೀಲ್ ಬಟ್ಟಲಲ್ಲಿ ನೆನೆಹಾಕಿದರು. ಒದ್ದೆ ಬಟ್ಟೆಯಲ್ಲಿ ಕಟ್ಟಿ ಟಿ.ವಿ.ಯ ಮೇಲಿಟ್ಟರು. ಮೂರನೇ ದಿನ ಮೊಳಕೆ ಬಂತು. ಶುವೈಖ್ ಕಡೆಯ ನರ್ಸರಿಯೊಂದರಿಂದ ಹನ್ನೆರಡು ಚೀಲ ಮಣ್ಣು ಬಂತು. ಅದನ್ನು ಲಿಫ್ಟಿಗೆ ತುಂಬುವಾಗ ಕಟ್ಟಡ ನೋಡಿಕೊಳ್ಳುವ ಹಾರಿಸ್, ವಯಸ್ಸಾದ ಈಜಿಪ್ಟಿನವನು, ಏನಿದು ಎಂದು ಕೇಳಿದ. ಹೂವಿನ ಗಿಡ ಎಂದರು ಅಪ್ಪಯ್ಯ. ಹನ್ನೆರಡು ಚೀಲ ನೋಡಿ ಅವನು ಹುಬ್ಬೇರಿಸಿದನೇ ಹೊರತು ಮತ್ತೆ ಕೇಳಲಿಲ್ಲ.

ಟಬ್ಬಿನ ತೂತಿಗೆ ಹಳೆ ಬನಿಯನ್ ತುರುಕಿ, ಪ್ಲಾಸ್ಟಿಕ್ ಹಾಸಿ, ಮಣ್ಣು ತುಂಬಿ, ಕೆಸರು ಮಾಡಿ, ಪ್ಯಾಂಟು ಮೊಣಕಾಲಿಗೆ ಮಡಚಿ ಅಪ್ಪಯ್ಯ ಬಾತ್‌ಟಬ್ಬಿಗೆ ಇಳಿದರು. ಅಮ್ಮ ಬಾಗಿಲಲ್ಲಿ ನಿಂತು ನೋಡಿದರು.

“ಇನ್ ಮೀವುದ್ ಎಲ್ಲಿ?”

“ಅಡ್ಗಿಮನಿ ಹತ್ರ ಸಣ್ಣದ್ ಇತ್ತಲ್ಲೆ.”

“ಅದ್ರಗ್ ನಿಂತ್ಕಂಡ್ರೆ ತಿರ್ಗುಕಾತಿಲ್ಲೆ.”

“ಮೀವುಕೆ ತಿರ್ಗುದ್ ಎಂತಕೆ?”

ಹೀಗೆ ನಾವು ನಾಲ್ಕು ಜನ ಆರು ತಿಂಗಳು ತಿರುಗದೆ ಸ್ನಾನ ಮಾಡಿದೆವು.

ಕುವೈತಿನ ಬೇಸಿಗೆಯಲ್ಲಿ ತಾರಸಿಯ ಟ್ಯಾಂಕಿನಿಂದ ತಣ್ಣೀರಿನ ನಲ್ಲಿಗೆ ಬರುವ ನೀರಿನಲ್ಲಿ ಚಹಾಪುಡಿ ಹಾಕಿದರೆ ಬಣ್ಣ ಬಿಡುತ್ತದೆ. ಅದನ್ನು ನೇರ ಬಿಟ್ಟರೆ ಗದ್ದೆಯಲ್ಲೇ ಅನ್ನವಾದೀತು. ಆದ್ದರಿಂದ ಹಿಂದಿನ ದಿನವೇ ಬಕೆಟ್ಟುಗಳಲ್ಲಿ ನೀರು ಹಿಡಿದು ಹಾಲಿನ ಎ.ಸಿ. ಕೆಳಗೆ ಸಾಲಾಗಿ ಇಡಬೇಕು. ಮರುದಿನ ಆರಿದ ನೀರನ್ನು ಲೋಟದಲ್ಲಿ ಬಿಡಬೇಕು. ಇದು ನನ್ನ ಮತ್ತು ಅಣ್ಣನ ಪಾಲಿನ ಕೆಲಸ. ಅಣ್ಣ ಕನ್ನಡ ಅರ್ಥವಾದರೂ ಇಂಗ್ಲಿಷಿನಲ್ಲೇ ಉತ್ತರಿಸುವವನು. “ದಿಸ್ ಈಸ್ ನಾಟ್ ನಾರ್ಮಲ್” ಎಂದು ಗೊಣಗುತ್ತಲೇ ಬಕೆಟ್ಟು ಎಳೆಯುತ್ತಿದ್ದ. ಸಸಿಗಳಿಗೆ ಸೆಖೆಯಾಗಬಾರದೆಂದು ಬಾತ್‌ರೂಮಿನ ಬಾಗಿಲು ಸದಾ ತೆರೆದಿರುತ್ತಿತ್ತು. ಮನೆಗೆ ಬಂದವರು ಕೈತೊಳೆಯಲು ಎದ್ದರೆ ಅಮ್ಮ ಓಡಿ ಅಡ್ಡ ನಿಲ್ಲುತ್ತಿದ್ದರು. ಒಮ್ಮೆ ಅಪ್ಪಯ್ಯನ ಆಫೀಸಿನವರೊಬ್ಬರು ತಪ್ಪಿಸಿಕೊಂಡು ಒಳಗೆ ಹೋದರು. ಕ್ಷಣದಲ್ಲೇ ಹೊರಬಂದು, ಮೆಲ್ಲಗೆ ಬಾಗಿಲೆಳೆದು, ಬಂದು ಕೂತು, ಪೂರ್ತಿ ಚಹಾ ಕುಡಿದು, ಹವಾಮಾನದ ಬಗ್ಗೆ ಮಾತಾಡಿ ಹೋದರು. ಆಮೇಲೆ ಅವರು ನಮ್ಮ ಮನೆಗೆ ಬರಲೇ ಇಲ್ಲ.

ಜುಲೈ ಕೊನೆಗೆ ಹಾರಿಸ್ ಬಂದ. ಕೆಳಗಿನ ಮನೆಯ ಬಾತ್‌ರೂಮಿನ ಸೂರಿನಿಂದ ಕೆಂಪು ನೀರು ತೊಟ್ಟಿಕ್ಕುತ್ತಿದೆ, ಅವರು ದೂರು ಕೊಟ್ಟಿದ್ದಾರೆ ಎಂದ. ಕೆಳಗಿನ ಮನೆ ಎಂದರೆ ಚಿಕ್ಕಪ್ಪನದು. ಒಡಹುಟ್ಟಿದ ಅಣ್ಣನ ಮನೆಯಿಂದ ನೀರು ಬೀಳುತ್ತಿದ್ದರೂ ಅಣ್ಣನಿಗೆ ಹೇಳದೆ ಹಾರಿಸ್‌ಗೆ ಹೇಳಿದ್ದರು. “ನಮ್ಮ ಬಾತ್‌ರೂಮಲ್ಲಿ ಎಂಥದ್ದೂ ಇಲ್ಲ ಭಾಯಿ” ಎಂದು ಅಪ್ಪಯ್ಯ ಹಿಂದಿಯಲ್ಲಿ ಹೇಳುತ್ತಿರುವಾಗಲೇ ಅವನು ಅಪ್ಪಯ್ಯನ ಹೆಗಲಾಚೆ ನೋಡಿಬಿಟ್ಟಿದ್ದ.

ಮನೆಯೊಡೆಯನಿಗೆ ತಿಳಿದರೆ ಮನೆ ಖಾಲಿ ಮಾಡಿಸುತ್ತಾನೆ ಎಂದು ಅಮ್ಮ ಬೆವರಿದರು. ಹಾರಿಸ್ ಬಾತ್‌ರೂಮಿನ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟ. ಟಬ್ಬಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಬೆರಳನ್ನು ಕೆಸರಿಗೆ ಊರಿ, ಎಷ್ಟು ಆಳ ಹೋಯಿತೆಂದು ನೋಡಿದ. ಒಂದು ಗರಿಯನ್ನು ಹಿಡಿದು ಸವರಿದ. ಆಮೇಲೆ ಅಪ್ಪಯ್ಯನ ಕಡೆ ತಿರುಗಿ, ಚೆನ್ನಾಗಿ ಬೈದ. ಅರಬ್ಬಿ, ಹಿಂದಿ, ಕೈಸನ್ನೆ ಎಲ್ಲ ಸೇರಿಸಿ ಬೈದದ್ದರ ಸಾರಾಂಶವೆಂದರೆ ಇಷ್ಟು: ನೀರು ಹೆಚ್ಚಾಗಿದೆ, ಸಸಿ ಒತ್ತೊತ್ತಾಗಿದೆ, ಬೆಳಕಂತೂ ಇಲ್ಲವೇ ಇಲ್ಲ, ನಿನಗೆ ಭತ್ತ ಬೆಳೆಯಲು ಹೇಳಿಕೊಟ್ಟವರು ಯಾರು? ಅವನು ನೈಲ್ ನದಿಯ ಬಯಲಿನ ಭತ್ತದ ಹಳ್ಳಿಯವನು. ಇಪ್ಪತ್ತು ವರ್ಷದಿಂದ ಗದ್ದೆ ಕಂಡಿರಲಿಲ್ಲ. ಅಂದಿನಿಂದ ದಿನವೂ ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ಬಂದು ನಮ್ಮ ಬಾತ್‌ರೂಮಿನಲ್ಲಿ ಒಂದು ಗಳಿಗೆ ಕೂತು ಹೋಗತೊಡಗಿದ. ಕೆಳಗಿನ ಮನೆಯವರಿಗೆ ಪೈಪು ಹಾಳಾಗಿದೆ, ಸಾಮಾನು ಬರಬೇಕು ಎಂದಿದ್ದನಂತೆ. ಚಿಕ್ಕಪ್ಪ ಬಕೆಟ್ಟು ಇಟ್ಟುಕೊಂಡರು.

ಬೆಳಕಿನ ಮಾತು ನಿಜವೇ ಆಗಿತ್ತು. ಬಾತ್‌ರೂಮಿಗಿದ್ದದ್ದು ಮಸುಕು ಗಾಜಿನ ಅಂಗೈಯಗಲದ ಕಿಟಕಿ. ಪೈರೆಲ್ಲ ಬಿಳಿಚಿಕೊಂಡು ಅದರತ್ತಲೇ ವಾಲಿತ್ತು. ಅಪ್ಪಯ್ಯ ಎರಡು ಟ್ಯೂಬ್‌ಲೈಟ್ ಹಾಕಿ ನೋಡಿದರು, ಏನೂ ಆಗಲಿಲ್ಲ. ಅವರು ಊಟ ಸೇರದೆ ಸೋತ ಮುಖ ಮಾಡಿಕೊಂಡಿದ್ದ ಒಂದು ದಿನ ಹಾರಿಸ್ ಕಬ್ಬಿಣದ ಗೂಡಿನ ದೊಡ್ಡದೊಂದು ದೀಪ ಹೊತ್ತು ತಂದ. ತಾನೇ ಏಣಿ ಹತ್ತಿ, ವೈರು ಎಳೆದು, ಟಬ್ಬಿನ ನೆತ್ತಿಗೆ ತೂಗುಹಾಕಿದ. ಎಲ್ಲಿಂದ ಎಂದರೆ “ಮೌಜೂದ್”, ಇತ್ತು ಎಂದಷ್ಟೇ ಹೇಳಿದ. ಸ್ವಿಚ್ಚು ಒತ್ತಿದರೆ ಬಾತ್‌ರೂಮಿನಲ್ಲಿ ಮಟಮಟ ಮಧ್ಯಾಹ್ನವಾಯಿತು. ಬೆಳಿಗ್ಗೆ ಆರಕ್ಕೆ ಸೂರ್ಯನನ್ನು ಹುಟ್ಟಿಸುವ ಕೆಲಸ ನನ್ನದು, ಸಂಜೆ ಆರಕ್ಕೆ ಮುಳುಗಿಸುವುದು ಅಣ್ಣನದು ಎಂದು ಅಪ್ಪಯ್ಯ ಹಂಚಿದರು. ಹದಿನೈದು ದಿನದಲ್ಲಿ ಪೈರು ಕಡುಹಸಿರಾಗಿ ನೆಟ್ಟಗೆ ನಿಂತಿತು. ಅದರ ಮುಂದೆ ಸ್ಟೂಲು ಹಾಕಿಕೊಂಡು ಅಪ್ಪಯ್ಯ ಪೇಪರು ಓದುವಷ್ಟಾಯಿತು.

ಅಷ್ಟರಲ್ಲಿ ಊರಲ್ಲಿ ಹೊಸ್ತು ಬಂದು ಹೋಯಿತು. ನಮ್ಮ ಕದಿರಿನ್ನೂ ಹಾಲು ಕಟ್ಟುತ್ತಿತ್ತು. ಅಜ್ಜಿ ಹೇಳಿದಂತೆಯೇ ಮಾಡಿದರು. ಮನೆಮಂದಿಗೆಲ್ಲ ಹೊಸ ಅಕ್ಕಿಯ ಅನ್ನ, ಅವರಿಗೆ ಮಾತ್ರ ಬೇರೆ ಪಾತ್ರೆಯಲ್ಲಿ ಹಳೆ ಅಕ್ಕಿಯದು. ಹಳೆ ಅಕ್ಕಿ ಇದ್ದುದು ಬೈಹುಲ್ಲಿನಲ್ಲಿ ಕಟ್ಟಿದ ಮುಡಿಯ ತಳದಲ್ಲಿ ಸ್ವಲ್ಪ. ಶುಕ್ರವಾರದ ಫೋನಿನಲ್ಲಿ ಅತ್ತೆ ಬೇರೆ ಸುದ್ದಿಯನ್ನೇ ಹೇಳುತ್ತಿರಲಿಲ್ಲ. “ಏಳ್ ಸೇರ್ ಇತ್ತ್” ಎಂದರು ಒಂದು ವಾರ. ಮುಂದಿನ ವಾರ ಐದು, ಆಮೇಲೆ ಮೂರು. ಅಂಗಡಿಯಿಂದ ಹಳೆ ಅಕ್ಕಿ ತರಿಸೋಣವೆಂದರೆ, “ಅಂಗ್ಡಿ ಅಕ್ಕಿ ಹತ್ರ ಪ್ರಾಯ ಕೇಂಬುಕಾತ್ತಾ?” ಎಂದರಂತೆ ಅಜ್ಜಿ. ಮುಡಿ ಮುಗಿದರೆ ಏನು ಮಾಡುತ್ತಾರೆಂದು ಅಪ್ಪಯ್ಯ ಕೇಳಿದರು. “ಗಂಜಿ ನೀರೂ ಮುಟ್ಟುದಿಲ್ಲೆ ಅಂತ್ರ್. ಅವ್ರ್ ಹೇಳ್ರ್ ಅಂದ್ರೆ ಮಾಡ್ತ್ರ್, ನಿಂಗ್ ಗೊತ್ತಿಲ್ಯಾ?” ಎಂದರು ಅತ್ತೆ. ಅಜ್ಜಿಗೆ ಆಗ ಎಪ್ಪತ್ತೆಂಟು. ಅಪ್ಪಯ್ಯ ಫೋನಿಟ್ಟು ಬಾತ್‌ರೂಮಿಗೆ ಹೋಗಿ, ಬೇಗ ಹಣ್ಣಾಗಲೆಂದು ಕದಿರಿಗೆ ಟೇಬಲ್ ಫ್ಯಾನ್ ತಿರುಗಿಸಿಟ್ಟರು.

ಒಂದು ಶುಕ್ರವಾರ ಬೆಳಿಗ್ಗೆ ಹಾರಿಸ್ ಕಾಳೊಂದನ್ನು ಹಲ್ಲಿನಲ್ಲಿ ಕಚ್ಚಿ ನೋಡಿ, “ಖಲಾಸ್” ಎಂದ, ಹಣ್ಣಾಯಿತು ಎಂದು. ಅಪ್ಪಯ್ಯ ಸ್ನಾನ ಮಾಡಿ, ಬಿಳಿ ಪಂಚೆಯುಟ್ಟು, ಅಮ್ಮನ ಹೊಲಿಗೆ ಕತ್ತರಿಯಿಂದ ಕದಿರು ಕೊಯ್ದರು. ಹತ್ತೊಂಬತ್ತು ಕದಿರು. ಅವನ್ನು ಹಿತ್ತಾಳೆ ತಟ್ಟೆಯಲ್ಲಿಟ್ಟು ಹಾಲಿಗೆ ತಂದರು. ಅದೇ ಹೊತ್ತಿಗೆ ಅತ್ತೆಯ ಫೋನು. ಅಜ್ಜಿಗೆ ಇವತ್ತು ಮಧ್ಯಾಹ್ನ ಬೇಯಿಸಲಿಕ್ಕೆ ಒಂದು ಹಿಡಿಯೂ ಹಳೆ ಅಕ್ಕಿಯಿಲ್ಲ. ಆಗಲೇ ಚಾಪೆ ಹಾಸಿ ಮಲಗಿದ್ದಾರೆ.

ಅಮ್ಮ ಆರು ತಿಂಗಳು ಹಿಡಿದಿಟ್ಟಿದ್ದ ಮಾತನ್ನು ಆಗ ಆಡಿದರು.

“ಕದ್ರ್ ಬೆಳ್ಸಿದ್ರಿ. ಇನ್ ತಮ್ಮನ್ನ ಯಾವ್ ಟಬ್ಬಂಗ್ ಬೆಳ್ಸ್ತ್ರಿ?”

ಅಪ್ಪಯ್ಯ ಮಾತು ತಪ್ಪಿಸಲೆಂದೋ ಏನೋ ಬಾತ್‌ರೂಮಿಗೆ ಹೋಗಿ, ಇನ್ನು ಕೆಲಸವಿಲ್ಲದ ದೀಪವನ್ನು ಇಳಿಸತೊಡಗಿದರು. ಏಣಿಯ ಮೇಲೆ ಒಮ್ಮೆಲೇ ನಿಂತುಬಿಟ್ಟರು. ವೈರಿನ ಕೂಡುಜಾಗಕ್ಕೆ ಕೆಂಪು ಟೇಪು ಸುತ್ತಿತ್ತು. ಟೇಪಿನ ತುದಿಯನ್ನು ಒಂದಿಷ್ಟು ಮಡಚಿ, ಬಿಚ್ಚಲು ಸುಲಭವಾಗಲೆಂದು ಸಣ್ಣದೊಂದು ಕಿವಿ ಬಿಟ್ಟಿತ್ತು. ಸೈಕಲ್ ಟ್ಯೂಬಿಗೂ, ಒಡೆದ ಬ್ಯಾಟಿಗೂ, ನನ್ನ ಆಟದ ಗೊಂಬೆಯ ಕಾಲಿಗೂ ಹಾಗೆ ಕಿವಿ ಬಿಟ್ಟು ಟೇಪು ಸುತ್ತುತ್ತಿದ್ದವರು ನಮ್ಮಲ್ಲಿ ಒಬ್ಬರೇ. ದೀಪ ಗ್ಯಾರೇಜಿನದು. ಕೆಳಗೆ ಬಿದ್ದ ಕೆಸರಿನ ವಾಸನೆಯಿಂದಲೇ ಚಿಕ್ಕಪ್ಪನಿಗೆ ಮೇಲೆ ನಡೆಯುತ್ತಿರುವುದೇನೆಂದು ಗೊತ್ತಾಗಿತ್ತೆಂದು ಹಾರಿಸ್ ತಲೆ ತಗ್ಗಿಸಿ ಒಪ್ಪಿಕೊಂಡ. ಯಾರಿಗೂ ಹೇಳಬೇಡ ಎಂದಿದ್ದರಂತೆ.

ಅಪ್ಪಯ್ಯ ಏಣಿಯಿಂದಿಳಿದು, ಕದಿರಿನ ತಟ್ಟೆ ಎತ್ತಿಕೊಂಡು, ಬರಿಗಾಲಲ್ಲಿ ಮೆಟ್ಟಿಲಿಳಿದರು. ನಾವೆಲ್ಲ ಹಿಂದೆ. ಬಾಗಿಲು ತೆರೆದ ಚಿಕ್ಕಪ್ಪ ಲುಂಗಿಯಲ್ಲಿದ್ದರು. ಕೈಯಲ್ಲಿ ಅರ್ಧ ತುಂಬಿದ ಕೆಸರುನೀರಿನ ಬಕೆಟ್ಟು. ಒಂದು ವರ್ಷದ ಮೇಲೆ ಇಬ್ಬರೂ ಎದುರುಬದುರು ನಿಂತಿದ್ದರು. ಅಪ್ಪಯ್ಯ ತಟ್ಟೆಯನ್ನು ಮುಂದೆ ಹಿಡಿದು ಹೇಳಿದರು:

“ಹೊಸ್ತ್ ಉಂತೆ.”

ಹಿರಿಯ ಕಿರಿಯನನ್ನು ಕೇಳುವುದೆಂದರೇನು! ಚಿಕ್ಕಪ್ಪನ ಮುಖದ ಬಣ್ಣವೇ ಹೋಯಿತು.

“ಎಂತ ಮಾತ್ ಅಣ್ಣಯ್ಯ ಇದ್? ನೀವ್ ನನ್ನತ್ರ ಕೇಂಬುದಾ?”

“ಕೇಂಡಾಯ್ತ್. ಉಣ್ ಅಂತ್ಯಾ ಇಲ್ಯಾ?”

ಚಿಕ್ಕಪ್ಪ ಇಕ್ಕಟ್ಟಿಗೆ ಸಿಕ್ಕಿದರು. ‘ಉಣ್’ ಎಂದರೆ ಅಣ್ಣನಿಗಿಂತ ದೊಡ್ಡವನಾದಂತೆ. ಎನ್ನದಿದ್ದರೆ ಅಣ್ಣ ಉಪವಾಸ, ಅಲ್ಲಿ ಊರಲ್ಲಿ ಹೆತ್ತ ತಾಯಿಯೂ ಉಪವಾಸ. ಬಕೆಟ್ಟನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದರು. ಅಪ್ಪಯ್ಯ ಕದಲಲಿಲ್ಲ. ಒಳಗಿನಿಂದ ಚಿಕ್ಕಮ್ಮ, “ಎಂತಾರೂ ಒಂದ್ ಹೇಳಿ ಮರ್ರೆ!” ಎಂದು ಕೂಗಿದರು.

“ನಾ ಉಂತೆ!” ಎಂದರು ಚಿಕ್ಕಪ್ಪ, ಕೂಗಿದಂತೆ. “ನಾನೇ ಕೇಂತಾ ಇದ್ದೆ ಅಣ್ಣಯ್ಯ. ನಾ ಹೊಸ್ತ್ ಉಂತೆ. ಇನ್ ನೀವ್ ಕೇಂಬುಕಾಗ.”

ಅಪ್ಪಯ್ಯ ಬಾಯಿ ತೆರೆದರು, ಮುಚ್ಚಿದರು, ತಟ್ಟೆಯನ್ನು ನೋಡಿದರು. “ಉಣ್” ಎನ್ನುವ ಎರಡಕ್ಷರ ಹೊರಬರಲು ಅಣ್ಣ ನನ್ನನ್ನು ಕಾಯಿಸುವುದಕ್ಕಿಂತ ಹೆಚ್ಚು ಹೊತ್ತಾಯಿತು.

ಮಧ್ಯಾಹ್ನ ನಮ್ಮ ಹಾಲಿನಲ್ಲಿ ಏಳು ಎಲೆ ಬಿದ್ದವು. ಉಗುರಿನಲ್ಲಿ ಸುಲಿದ ಹೊಸ ಅಕ್ಕಿ ಪಾಯಸಕ್ಕೆ ಬಿತ್ತು. ಏಳನೇ ಎಲೆ ಹಾರಿಸ್‌ನದು. ವಯಸ್ಸು ಲೆಕ್ಕ ಹಾಕಿದರೆ ಪಂಕ್ತಿಯಲ್ಲಿ ಅವನೇ ಹಿರಿಯ. ನಿಯಮ ನಿಯಮವೇ ಎಂದು ಅಪ್ಪಯ್ಯ ಅವನತ್ತ ತಿರುಗಿ ಭಕ್ತಿಯಿಂದ “ಹೊಸ್ತ್ ಉಂತೆ” ಎಂದರು. ಅವನು ಎದೆಗೆ ಕೈಯಿಟ್ಟು “ತಫದ್ದಲ್” ಎಂದ, ದಯಮಾಡಿಸಿ ಎಂದು. ಹಾಗೆ ಒಬ್ಬರಾದ ಮೇಲೊಬ್ಬರು ಕೇಳುತ್ತ ಬಂದು, ನನ್ನ ಹೊರತು ಎಲ್ಲರೂ ಉಂಡರು. ನನಗೆ ಆ ವರ್ಷ ಕೇಳಬೇಕಾದವರು ಐದರಿಂದ ಆರಾಗಿದ್ದರು. ಐದು ‘ಉಣ್’ ಸಿಕ್ಕಿತು. ಆರನೆಯದಕ್ಕೆ ಅಣ್ಣ ನೀರಿನ ಲೋಟ ಎತ್ತಿಕೊಂಡ.

ಅಷ್ಟರಲ್ಲಿ ಫೋನು. ಎಲ್ಲರ ಕೈಯೂ ಪಾಯಸದಲ್ಲಿತ್ತು, ಇನ್ನೂ ಉಣ್ಣದವಳು ನಾನೊಬ್ಬಳೇ. ಹಿಡಿದಿದ್ದ ತುತ್ತನ್ನು ಎಲೆಯ ಮೇಲಿಟ್ಟು ಎದ್ದೆ. ಎತ್ತಿದೆ. ಅತ್ತೆಯಲ್ಲ, ಅಜ್ಜಿಯೇ.

“ಉಂಡ್ರಾ?”

“ಉಂಡ್ರ್ ಅಜ್ಜಿ.”

“ಇಬ್ರೂ?”

“ಇಬ್ರೂ. ಒಟ್ಟಿಗೆ.”

ಆ ಕಡೆ ಮೂಗು ಒರೆಸಿಕೊಂಡದ್ದು ಕೇಳಿಸಿತು, ಪಾತ್ರೆಯ ಸದ್ದು ಕೇಳಿಸಿತು. ಮತ್ತೆ ಅಜ್ಜಿ ಹೇಳಿದರು:

“ಹಾಂಗಾರೆ ನಾ ಹೊಸ್ತ್ ಉಂತೆ, ಮಗಾ.”

ಅಜ್ಜ ಹೋದ ಮೇಲೆ ಅಜ್ಜಿಗೆ ಕೇಳಲು ಹಿರಿಯರು ಯಾರೂ ಇರಲಿಲ್ಲವೆಂದು ನನಗೆ ಗೊತ್ತಿತ್ತು. ಎಷ್ಟೋ ವರ್ಷದಿಂದ ಅವರು ಯಾರನ್ನೂ ಕೇಳದೆ ಉಣ್ಣುತ್ತಿದ್ದರು. ನಾನು ತಿರುಗಿ ನೋಡಿದೆ. ಅಪ್ಪಯ್ಯನೂ ಚಿಕ್ಕಪ್ಪನೂ ಸಕ್ಕರೆ ಹೆಚ್ಚೋ ಕಮ್ಮಿಯೋ ಎಂದು ವಾದಿಸುತ್ತಿದ್ದರು. ಇದಕ್ಕೆ ಉತ್ತರ ನಾನೇ ಕೊಡಬೇಕಿತ್ತು.

“ಉಣ್ಣಿ, ಅಜ್ಜಿ” ಎಂದೆ.

ಫೋನಿಟ್ಟು ಬಂದು ಎಲೆಯ ಮುಂದೆ ಕೂತೆ. ಅಣ್ಣ ಇನ್ನೂ ನೀರು ಕುಡಿಯುತ್ತಿದ್ದ. ಅಜ್ಜಿಗೇ ಅಪ್ಪಣೆ ಕೊಟ್ಟು ಬಂದವಳು ನಾನು. ಅವನಿಗೆ ಕಾಯದೆ ತುತ್ತನ್ನು ಬಾಯಿಗಿಟ್ಟೆ.